ಅನ್ವರ್ ಪಾಷಾ

ನಮ್ಮ ಮೊಹಲ್ಲಾದಲ್ಲೇ ಅನ್ವರ್ ಪಾಷಾ ಎಂಬ ಹೆಸರಿನವರು ಇಬ್ಬರಿದ್ದಾರೆ. ಆ ಹೆಸರಿನ ತುರ್ಕಿ ಸೇನಾನಿ 1881ರಲ್ಲಿ ಇಸ್ತಾಂಬುಲ್‌ನಲ್ಲಿ ಹುಟ್ಟಿದರು. 1908ರ ಕ್ರಾಂತಿಯಲ್ಲಿ ಹೆಸರು ಮಾಡಿದರು. 1914ರಲ್ಲಿ ಆಟೋಮನ್ ಸಾಮ್ರಾಜ್ಯದ ಯುದ್ಧಮಂತ್ರಿಯಾದಾಗ ಅವರಿಗೆ ಬರೀ 32 ವರ್ಷ.

ಅದೇ ಡಿಸೆಂಬರ್‌ನಲ್ಲಿ ರಷ್ಯನ್ನರನ್ನು ಸುತ್ತುವರಿಯಲು ತಾವೇ ಮೂರನೇ ಸೇನೆಯನ್ನು ಸಾರಿಕಾಮಿಶ್ ಕಡೆಗೆ ನಡೆಸಿದರು. ಚಳಿಗಾಲದಲ್ಲಿ ಬೇಡವೆಂದ ಅಧಿಕಾರಿಗಳ ಮಾತು ಕೇಳಲಿಲ್ಲ. ಸರಿಯಾದ ಬಟ್ಟೆಯೂ ಇಲ್ಲದ ಸೈನಿಕರು ಹಿಮದ ಬೆಟ್ಟ ಹತ್ತಿದರು. ಆ ಬೆಟ್ಟಸಾಲಿನ ಹೆಸರೇ ಅಲ್ಲಾಹು ಅಕ್ಬರ್. ಸಾವಿರಾರು ಜನ ಗುಂಡು ತಗಲದೆ, ಚಳಿಗೇ ಸತ್ತರು. ಸೇನೆಯ ಬಹುಪಾಲು ನಾಶವಾಯಿತು.

ಸೋಲಿನ ದೋಷ ಬಿದ್ದದ್ದು ಸಾಮ್ರಾಜ್ಯದ ಕ್ರೈಸ್ತ ಪ್ರಜೆಗಳಾದ ಅರ್ಮೇನಿಯನ್ನರ ಮೇಲೆ. ರಷ್ಯಾದ ಪರ ಹೋರಾಡಿದ ಅರ್ಮೇನಿಯನ್ ದಳಗಳಿದ್ದವು, ನಿಜ. ಆದರೆ ಅನ್ವರ್ ಪಾಷಾರ ಸೇನೆಯಲ್ಲೇ ಇದ್ದ ಅರ್ಮೇನಿಯನ್ನರಿಂದ 1915ರ ಫೆಬ್ರವರಿಯಲ್ಲಿ ಬಂದೂಕು ಕಿತ್ತುಕೊಂಡು ರಸ್ತೆ ಕೆಲಸಕ್ಕೆ ಹಾಕಿದರು. ಮುಂದೆ ಅವರಲ್ಲಿ ಬಹಳ ಜನರನ್ನು ಕೊಂದರು. ಹೆಂಗಸರು, ಮಕ್ಕಳು, ಮುದುಕರನ್ನು ಸಿರಿಯಾದ ಮರುಭೂಮಿಗೆ ನಡೆಸಿಕೊಂಡು ಹೋದರು. ಸತ್ತವರು ಸುಮಾರು 10 ಲಕ್ಷ ಎಂದು ಅನೇಕ ಇತಿಹಾಸಕಾರರ ಅಂದಾಜು. 1919ರಲ್ಲಿ ಇಸ್ತಾಂಬುಲ್‌ನ ಮಿಲಿಟರಿ ನ್ಯಾಯಾಲಯವೇ ಗೃಹಮಂತ್ರಿಯಾಗಿದ್ದ ತಲಾತ್ ಪಾಷಾರಿಗೂ ಇವರಿಗೂ ಮರಣದಂಡನೆ ವಿಧಿಸಿತು. ಅಷ್ಟರಲ್ಲಿ ಇಬ್ಬರೂ ದೇಶ ಬಿಟ್ಟಿದ್ದರು.

1922ರ ಆಗಸ್ಟ್ 4ರಂದು, ಇಂದಿನ ತಜಿಕಿಸ್ತಾನದಲ್ಲಿ, ಕೆಂಪು ಸೇನೆಯ ವಿರುದ್ಧ ಹೋರಾಡುತ್ತಾ ಅನ್ವರ್ ಪಾಷಾ ಸತ್ತರು. ಅವರು ಶಹೀದ್ ಎಂದಷ್ಟೇ ನಾನು ಕೇಳಿ ಬೆಳೆದೆ. ಅರ್ಮೇನಿಯನ್ನರ ವಿಷಯ ಯಾರೂ ಹೇಳಿರಲಿಲ್ಲ. 1996ರಲ್ಲಿ ಅವರ ಅವಶೇಷಗಳನ್ನು ಇಸ್ತಾಂಬುಲ್‌ಗೆ ತಂದು, ತಲಾತ್ ಪಾಷಾರ ಗೋರಿ ಇರುವ ಕಡೆಯೇ ದಫನ್ ಮಾಡಿದರು.