ಕಲ್ಲಿನ ಲೆಕ್ಕ ಓದಿದ ಬಿ.ಎಲ್. ರೈಸ್

ಕಾಮರ್ಸ್ ಓದುವವಳಿಗೆ ಹಳೆಯ ಕಲ್ಲುಗಳ ಗೊಡವೆ ಏಕೆ ಎಂದು ನೀವು ಕೇಳಬಹುದು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಷ್ಟು ಕೊಟ್ಟರು, ಯಾವ ದಿನ ಕೊಟ್ಟರು, ಸಾಕ್ಷಿ ಯಾರು ಎಂಬುದೆಲ್ಲ ನಮಗೆ ಅಕೌಂಟೆನ್ಸಿ ತರಗತಿಯಲ್ಲಿ ದಿನವೂ ಬರುವ ಪ್ರಶ್ನೆಗಳು. ನಮ್ಮ ಜಿಲ್ಲೆಯ ಜನ ಇವುಗಳಿಗೆ ಸಾವಿರ ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಉತ್ತರ ಬರೆಸಿಟ್ಟಿದ್ದರು. ಅದನ್ನು ಓದಿ ನಮಗೆ ಉಳಿಸಿಕೊಟ್ಟವರು ಬೆಂಜಮಿನ್ ಲೂಯಿಸ್ ರೈಸ್.

ರೈಸ್ ಹುಟ್ಟಿದ್ದು 1837ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಮನೆಯಲ್ಲಿ ಇಂಗ್ಲಿಷ್, ಹೊರಗೆ ಕನ್ನಡ. ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಮರಳಿ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. ನಂತರ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ಮೈಸೂರು, ಕೊಡಗು ಸೀಮೆಗಳಲ್ಲಿ ಊರೂರು ಸುತ್ತಿದರು.

ಹೀಗೆ ಸುತ್ತುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ನಡುವೆ ಅಕ್ಷರ ಕೊರೆದ ಕಲ್ಲುಗಳು ಅವರ ಕಣ್ಣಿಗೆ ಬೀಳುತ್ತಿದ್ದವು. ಅದು ಹಳಗನ್ನಡ, ಲಿಪಿಯೂ ಹಳೆಯದು. ಊರಿನವರಿಗೇ ಓದಲು ಬರುತ್ತಿರಲಿಲ್ಲ. ರೈಸ್ ಪಂಡಿತರ ಜೊತೆ ಕುಳಿತು ಓದಲು ಕಲಿತರು. ಮೇಜರ್ ಡಿಕ್ಸನ್ ಎಂಬ ಅಧಿಕಾರಿ ತೆಗೆದಿದ್ದ ಶಾಸನಗಳ ಫೋಟೋಗಳು ಅವರ ಕೈಗೆ ಬಂದವು. 1879ರಲ್ಲಿ ಮೈಸೂರಿನ ಶಾಸನಗಳ ಪುಸ್ತಕ ಹೊರತಂದರು. ಮುಂದೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕರಾದರು.

ಅವರ ದೊಡ್ಡ ಕೆಲಸ 'ಎಪಿಗ್ರಾಫಿಯಾ ಕರ್ನಾಟಿಕಾ'. 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿ ಸುಮಾರು 20 ವರ್ಷಗಳಲ್ಲಿ 12 ಸಂಪುಟ, ಸುಮಾರು 9,000 ಶಾಸನ! ಈ ನಡುವೆ 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಳಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅಶೋಕನ ಆಳ್ವಿಕೆ ನಮ್ಮ ನಾಡನ್ನೂ ಮುಟ್ಟಿತ್ತೆಂದು ಜಗತ್ತಿಗೆ ತಿಳಿದದ್ದು ಆಗ. 1898ರಲ್ಲಿ ಪಂಪ ಭಾರತವನ್ನೂ ಅಚ್ಚು ಹಾಕಿಸಿದರು.

ಆರನೆಯ ಸಂಪುಟ 1901ರದ್ದು. ಅದು ನಮ್ಮ ಜಿಲ್ಲೆಯದು. ಆಗ ಇದಕ್ಕೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಮೂಡಿಗೆರೆಯ ಅಂಗಡಿ ಗ್ರಾಮವನ್ನೇ ನೋಡಿ. ಹಿಂದೆ ಸೊಸೆವೂರು ಎನಿಸಿದ್ದ ಈ ಊರು ಹೊಯ್ಸಳರ ತವರು. ಅಲ್ಲಿನ 1062ರ ಶಾಸನವೊಂದು ಶಾಂತಿದೇವ ಎಂಬ ಜೈನ ಗುರುಗಳ ಸಾವನ್ನು ಹೇಳುತ್ತದೆ. ಅವರ ನೆನಪಿಗೆ ಕಲ್ಲು ನಿಲ್ಲಿಸಿದವರಲ್ಲಿ ಊರಿನ ವರ್ತಕರೂ ಇದ್ದರು. ವರ್ತಕರಿಗೆ ಲಾಭ ನಷ್ಟದ ಆಚೆಗೂ ಒಂದು ಲೆಕ್ಕವಿತ್ತು ಎಂದು ನನಗೆ ಖುಷಿಯಾಯಿತು. ಇನ್ನು ಕಳಸ. 13ನೇ ಶತಮಾನದಲ್ಲಿ ಆ ಸೀಮೆಯನ್ನು ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಆಳಿದರೆಂಬುದು ತಿಳಿದದ್ದೂ ಶಾಸನಗಳಿಂದಲೇ. ರಾಜರಾಣಿಯರು ಮಾತ್ರ ಅಲ್ಲಿಲ್ಲ. ದನ ಕದಿಯಲು ಬಂದವರ ಜೊತೆ ಹೋರಾಡಿ ಸತ್ತ ಸಾಮಾನ್ಯ ಮನುಷ್ಯನಿಗೂ ನಮ್ಮ ಹಳ್ಳಿಗಳಲ್ಲಿ ವೀರಗಲ್ಲು ಇದೆ.

ರೈಸ್ 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. 1927ರಲ್ಲಿ, 90ರ ಹೊಸ್ತಿಲಲ್ಲಿ ತೀರಿಕೊಂಡರು. ಕನ್ನಡಿಗರು ಅವರನ್ನು ಶಾಸನ ಪಿತಾಮಹ ಎನ್ನುತ್ತಾರೆ. ಆದರೆ ಕೆಲಸ ಅವರಲ್ಲಿಗೇ ಮುಗಿಯಲಿಲ್ಲ. ನಮ್ಮ ಪಕ್ಕದ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ, ಎಂ.ಎಚ್. ಕೃಷ್ಣ ಅವರಿಂದ.

ರೈಸ್ ಬ್ರಿಟಿಷರ ಕಾಲದ ಅಧಿಕಾರಿ. ಸರ್ಕಾರದ ಹಣ, ಪಂಡಿತರ ನೆರವು ಎರಡೂ ಅವರಿಗಿದ್ದವು. ಆದರೂ ಅವರ ಬದುಕು ನನಗೆ ಹತ್ತಿರ ಅನ್ನಿಸಲು ಬೇರೆ ಕಾರಣವಿದೆ. ನಮ್ಮ ಮನೆಯಲ್ಲಿ ಅಬ್ಬಾ, ಅಮ್ಮಿ, ದಾದಿ ಎಲ್ಲರೂ ಉರ್ದು ಮಾತಾಡುತ್ತೇವೆ. ನನ್ನ ಕನ್ನಡ ಶಾಲೆಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಕಲಿತದ್ದು. ಶಾಸನದ ಬಗ್ಗೆ ಬರೆಯುತ್ತೇನೆ ಎಂದಾಗ ಇದು ನಿಮ್ಮವರ ವಿಷಯವೇ ಎಂದು ಒಬ್ಬರು ನಕ್ಕರು. ನಾನು ಹುಟ್ಟಿದ್ದು ಈ ಬೆಟ್ಟಗಳಲ್ಲಿ, ಕುಡಿಯುವುದು ಇಲ್ಲಿನ ನೀರು. ಇಲ್ಲಿನ ಕಲ್ಲು ನನ್ನದೂ ಹೌದು. ಮನೆಮಾತು ಯಾವುದೇ ಇರಲಿ, ಓದಲು ಕಷ್ಟಪಟ್ಟವರಿಗೆ ಶಾಸನ ಮಾತಾಡುತ್ತದೆ ಎಂಬುದಕ್ಕೆ ರೈಸ್ ಅವರೇ ಸಾಕ್ಷಿ.

ಸ್ನೇಹಿತರೇ, ನಮ್ಮಲ್ಲಿ ಅನೇಕರು ಕಾಫಿ ತೋಟಗಳ ನಡುವಿನಿಂದಲೇ ಬರುವವರು. ತೋಟದಲ್ಲೋ ಹಳ್ಳದ ಬದಿಯಲ್ಲೋ ಅಕ್ಷರವಿರುವ ಕಲ್ಲು ಕಂಡರೆ ಅದರ ಮೇಲೆ ಬಟ್ಟೆ ಒಗೆಯಲು ಬಿಡಬೇಡಿ, ಬಣ್ಣ ಬಳಿಯಬೇಡಿ, ಕಿತ್ತು ಬೇರೆ ಕಡೆ ಇಡಬೇಡಿ. ಒಂದು ಫೋಟೋ ತೆಗೆದು, ಜಾಗದ ಹೆಸರು ಬರೆದು, ನಮ್ಮ ಇತಿಹಾಸ ಉಪನ್ಯಾಸಕರಿಗೆ ತೋರಿಸಿ. ಒಡೆದ ಕಲ್ಲನ್ನು ಮತ್ತೆ ಬರೆಸಲು ಬರೆಸಿದವರು ಯಾರೂ ಈಗ ಇಲ್ಲ.