ಪಟ್ಟಮಹಾದೇವಿ ಶಾಂತಲೆಯ ದಾಂಪತ್ಯ

ಮುಳಬಾಗಿಲು ದಾಟಿ ಚಿತ್ತೂರಿನ ಕಡೆ ಹೋಗುವ ಹೆದ್ದಾರಿಯಲ್ಲಿ ನಂಗಲಿ ಸಿಗುತ್ತದೆ. ಟೊಮೆಟೊ ಲಾರಿಗಳ ಓಡಾಟದ ನಡುವೆ ಈ ಊರಿನ ಹೆಸರನ್ನು ಯಾರೂ ಗಮನಿಸುವುದಿಲ್ಲ. ಆದರೆ ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ಅವನು ಗೆದ್ದ ಸ್ಥಳಗಳನ್ನು ಹೇಳುವಾಗ ತಲಕಾಡು, ಕೊಂಗುನಾಡಿನ ಜೊತೆಯಲ್ಲೇ ನಂಗಲಿಯ ಹೆಸರೂ ಬರುತ್ತದೆ. ಅವನ ರಾಜ್ಯದ ಮೂಡಣ ಗಡಿ ಈ ನಂಗಲಿ ಘಟ್ಟವೇ. ಸಿಂಹನಂದಿ ಆಚಾರ್ಯರ ಆಶೀರ್ವಾದ ಪಡೆದ ಗಂಗರ ಕುವಲಾಲಪುರ, ಅಂದರೆ ನಮ್ಮ ಕೋಲಾರ, ನೂರು ವರ್ಷಕ್ಕೂ ಹೆಚ್ಚು ಕಾಲ ಚೋಳರ ಕೈಯಲ್ಲಿದ್ದು ಈ ಅರಸನ ಕಾಲದಲ್ಲಿ ಹೊಯ್ಸಳರಿಗೆ ಬಂತು.

ಈ ಅರಸನ ಪಟ್ಟದ ರಾಣಿ ಶಾಂತಲೆ. ಅವಳು ಶ್ರಾವಕಿ. ಗಂಡ ವೈಷ್ಣವ ಮತವನ್ನು ಹಿಡಿದ ಮೇಲೂ ಅವಳು ಜಿನಧರ್ಮ ಬಿಡಲಿಲ್ಲ, ಗಂಡನನ್ನೂ ಬಿಡಲಿಲ್ಲ. ಮಗಳಿಗೋ ಮಗನಿಗೋ ಬೇರೆ ಮತದ ಮನೆಯಿಂದ ಸಂಬಂಧ ಬಂದಾಗ ನಮ್ಮ ಎಷ್ಟೋ ಕುಟುಂಬಗಳಲ್ಲಿ ಊಟ ನಿದ್ದೆ ಕೆಡುತ್ತದೆ. ಅಂಥವರು ಈ ರಾಣಿಯ ಜೀವನವನ್ನು ಒಮ್ಮೆ ತಿಳಿದುಕೊಳ್ಳಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಶಾಂತಲೆಗೆ ಎರಡು ಮತದ ಮನೆ ಹೊಸದೇನಲ್ಲ. ತಂದೆ ಪೆರ್ಗಡೆ ಮಾರಸಿಂಗಯ್ಯ ಶಿವಭಕ್ತ. ತಾಯಿ ಮಾಚಿಕಬ್ಬೆ ಜಿನಭಕ್ತೆ, ದಂಡನಾಯಕ ಬಲದೇವನ ಮಗಳು. ಮಗಳು ತಾಯಿಯ ದಾರಿ ಹಿಡಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಅವಳ ಗುರುಗಳು. ಗೀತ, ವಾದ್ಯ, ನೃತ್ಯಗಳಲ್ಲಿ ಅವಳಿಗಿದ್ದ ಪರಿಣತಿಯನ್ನು ಶಾಸನಗಳು ಹೊಗಳುತ್ತವೆ. ಅರಸನಿಗೂ ಅವಳಿಗೂ ಪ್ರೀತಿ ಹುಟ್ಟಿದ ಬಗೆಯನ್ನು ಕಾದಂಬರಿಕಾರರು ತಮ್ಮ ತಮ್ಮ ಕಲ್ಪನೆಯಂತೆ ಬಣ್ಣಿಸಿದ್ದಾರೆ. ಅವರಲ್ಲಿ ಒಬ್ಬರಾದ ವ್ಯಾಯಾಮ ಗುರು ಕೆ. ವಿ. ಅಯ್ಯರ್ ನಮ್ಮ ಕೋಲಾರ ಜಿಲ್ಲೆಯವರೇ, ಅವರ ಹೆಸರಿನ ಮೊದಲ ಅಕ್ಷರವೇ ಕೋಲಾರ.

1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ ಮಾಡಿಸಿದ. ಅದೇ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಶಾಂತಲೆ. ಗಂಡನ ದೇವರಿಗೆ ಗುಡಿ ಕಟ್ಟಿಸಿದ್ದರಿಂದ ಅವಳ ಸಮ್ಯಕ್ತ್ವ ಕೆಟ್ಟಿತೆಂದು ಅಂದಿನ ಮುನಿಗಳು ಅವಳನ್ನು ದೂರವಿಡಲಿಲ್ಲ. ಆರು ವರ್ಷದ ಮೇಲೆ, 1123ರಲ್ಲಿ, ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಶಾಂತಿನಾಥ ಸ್ವಾಮಿಯ ಬಸದಿ ಕಟ್ಟಿಸಿ, ಅದರ ಪೂಜೆಗೂ ಮುನಿಗಳ ಆಹಾರಕ್ಕೂ ಮೊಟ್ಟೆನವಿಲೆ ಗ್ರಾಮವನ್ನು ಗುರುಗಳ ಪಾದ ತೊಳೆದು ದಾನ ಕೊಟ್ಟಳು. ವೈಷ್ಣವನಾದ ಗಂಡ ಇದಕ್ಕೆ ಅಡ್ಡಿಯಾಗಲಿಲ್ಲ. ಅವನು ಜೈನರನ್ನು ಗಾಣಕ್ಕೆ ಹಾಕಿಸಿದನೆಂಬ ಕಥೆ ಹೇಳುವವರು ಈ ಬಸದಿಯನ್ನು ನೋಡಿ ಬರಲಿ. ಅವನ ದಂಡನಾಯಕ ಗಂಗರಾಜನೂ ಜೈನನೇ, ತಲಕಾಡನ್ನು ಗೆದ್ದುಕೊಟ್ಟವನೂ ಅವನೇ.

ಆ ಬಸದಿಯ ಹೆಸರು ಸವತಿಗಂಧವಾರಣ. ಸವತಿಯರ ಪಾಲಿಗೆ ಮದ್ದಾನೆ ಎಂದು ಅರ್ಥ, ಅದು ರಾಣಿಯ ಬಿರುದು. ಪ್ರವಾಸಕ್ಕೆ ಕರೆದೊಯ್ದ ಮಕ್ಕಳು ಇದನ್ನು ಕೇಳಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅರಸನಿಗೆ ಬಮ್ಮಲದೇವಿ, ರಾಜಲದೇವಿ, ಲಕ್ಷ್ಮೀದೇವಿ ಮುಂತಾದ ರಾಣಿಯರಿದ್ದರು. ಗಂಡನ ಪ್ರೀತಿಯನ್ನು ಹಂಚಿಕೊಳ್ಳಬೇಕಾದ ಮನೆಯಲ್ಲಿ ತನ್ನ ಸ್ಥಾನ ಉಳಿಸಿಕೊಳ್ಳಲು ಅವಳು ಎಷ್ಟು ಗಟ್ಟಿಯಾಗಿರಬೇಕಾಯಿತು ಎಂಬುದನ್ನು ಆ ಬಿರುದೇ ಹೇಳುತ್ತದೆ. ಮತ ಬೇರೆಯಾದದ್ದಕ್ಕಿಂತ ಇದೇ ಅವಳಿಗೆ ಹೆಚ್ಚಿನ ಕಷ್ಟವಾಗಿರಬೇಕು ಎಂದು ನನ್ನ ಅಭಿಪ್ರಾಯ.

1131ರ ಚೈತ್ರ ಮಾಸದಲ್ಲಿ ಶಿವಗಂಗೆಯಲ್ಲಿ ಶಾಂತಲೆ ತೀರಿಕೊಂಡಳು. ಮಕ್ಕಳಿಲ್ಲದ ದುಃಖಕ್ಕೆ ಬೆಟ್ಟದ ಮೇಲಿಂದ ಹಾರಿದಳೆಂಬ ಕಥೆ ಜನರ ಬಾಯಲ್ಲಿದೆ, ಆ ಜಾಗವನ್ನೂ ತೋರಿಸುತ್ತಾರೆ. ಬೆಳಗೊಳದ ಶಾಸನದಲ್ಲಿ ಹಾರಿದ ಮಾತಿಲ್ಲ, ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದಷ್ಟೇ ಇದೆ. ಮಗಳಿಲ್ಲದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸನ್ನಿಧಿಯಲ್ಲಿ ಸನ್ಯಸನ ಸ್ವೀಕರಿಸಿ, ಒಂದು ತಿಂಗಳ ಉಪವಾಸದಿಂದ ಸಮಾಧಿಮರಣ ಹೊಂದಿದಳು.

ಎರಡು ವರ್ಷ ಕಳೆದು 1133ರಲ್ಲಿ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪ್ರತಿಷ್ಠೆಯ ಗಂಧೋದಕವನ್ನು ಬಂಕಾಪುರದಲ್ಲಿದ್ದ ಅರಸನಿಗೆ ಅರ್ಚಕರು ಒಯ್ದರು. ಯುದ್ಧ ಗೆದ್ದ ಸುದ್ದಿ ಮತ್ತು ಲಕ್ಷ್ಮೀದೇವಿಗೆ ಗಂಡು ಮಗುವಾದ ಸುದ್ದಿ ಒಟ್ಟಿಗೆ ಬಂದ ಸಮಯವದು. ಅರಸ ಎದ್ದು ನಿಂತು ಕೈಮುಗಿದು ಗಂಧೋದಕ ಸ್ವೀಕರಿಸಿ, ಸ್ವಾಮಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ಆ ಬಸದಿ ಹೊಯ್ಸಳೇಶ್ವರ ದೇವಾಲಯದ ಹತ್ತಿರ ಬಸ್ತಿಹಳ್ಳಿಯಲ್ಲಿ ಇಂದಿಗೂ ಇದೆ. ಹಳೇಬೀಡಿಗೆ ಹೋದವರಲ್ಲಿ ಅನೇಕರು ಅದನ್ನು ನೋಡದೆ ಬಸ್ಸು ಹತ್ತುತ್ತಾರೆ.