ಮುಂದಿನ ಸಾಲು ಬರೆಯೋ ಯಂತ್ರ

ಎಕ್ಸ್‌ಎಸ್‌ಎಲ್‌ನಲ್ಲಿ ಹತ್ತು ಸಾಲಿನ ಎಚ್‌ಟಿಎಂಎಲ್ ಟೇಬಲ್ ಮಾಡೋಕೆ ಹೋಗಿ ಸಿಕ್ಕಿಹಾಕಿಕೊಂಡಿದ್ದೆ. ಅಲ್ಲಿ ವೇರಿಯಬಲ್‌ಗೆ ಒಮ್ಮೆ ಬೆಲೆ ಕೊಟ್ಟರೆ ಮುಗೀತು, ಬದಲಾಗಲ್ಲ. ಹಾಗಾಗಿ ಸಿ ಥರ ಕೌಂಟರ್ ಏರಿಸೋ ಲೂಪ್ ನಡೆಯಲ್ಲ. ಟೆಂಪ್ಲೇಟ್ ಒಂದು ಸಾಲು ಬರೆದು, ಮುಂದಿನ ಸಂಖ್ಯೆ ಕೊಟ್ಟು ತನ್ನನ್ನೇ ಮತ್ತೆ ಕರೀಬೇಕು. ನಾನು ನಿಲ್ಲೋ ಷರತ್ತು ಬರೆಯೋದೇ ಮರೆತೆ. ಪ್ರೋಗ್ರಾಂ ಕ್ರ್ಯಾಶ್ ಆಯ್ತು. ಆಗ ನೆನಪಾದವನು ಚಾರ್ಲ್ಸ್ ಬ್ಯಾಬೇಜ್.

ಬ್ಯಾಬೇಜ್ ಹುಟ್ಟಿದ್ದು 1791ರಲ್ಲಿ, ಲಂಡನ್‌ನಲ್ಲಿ. ಓದಿದ್ದು ಕೇಂಬ್ರಿಡ್ಜ್‌ನಲ್ಲಿ. ಆಗ ಹಡಗು ನಡೆಸೋಕೂ ನಕ್ಷತ್ರ ನೋಡೋಕೂ ಗಣಿತದ ಕೋಷ್ಟಕಗಳೇ ಆಧಾರ. ಅವನ್ನು ಮನುಷ್ಯರೇ ಲೆಕ್ಕ ಹಾಕಿ, ಮನುಷ್ಯರೇ ಅಚ್ಚಿಗೆ ಜೋಡಿಸ್ತಿದ್ದರು. 1821ರಲ್ಲಿ ಗೆಳೆಯ ಜಾನ್ ಹರ್ಷೆಲ್ ಜೊತೆ ಅಂಥ ಕೋಷ್ಟಕ ತಾಳೆ ನೋಡುವಾಗ ಸಿಕ್ಕ ತಪ್ಪುಗಳಿಂದ ಆತನಿಗೆ ರೋಸಿಹೋಯ್ತು. ಈ ಕೆಲಸ ಯಂತ್ರವೇ ಮಾಡಬೇಕು ಅನ್ನಿಸ್ತು.

ಆತನ ಡಿಫರೆನ್ಸ್ ಎಂಜಿನ್‌ನ ಉಪಾಯ ಸರಳ. ವರ್ಗಸಂಖ್ಯೆಗಳು 1, 4, 9, 16. ಅವುಗಳ ನಡುವಿನ ವ್ಯತ್ಯಾಸ 3, 5, 7. ಈ ವ್ಯತ್ಯಾಸಗಳ ನಡುವಿನ ವ್ಯತ್ಯಾಸ ಯಾವಾಗಲೂ 2. ಈಗ 7ಕ್ಕೆ 2 ಕೂಡಿಸಿದ್ರೆ 9, ಆ 9ನ್ನು 16ಕ್ಕೆ ಕೂಡಿಸಿದ್ರೆ 25. ಗುಣಾಕಾರವೇ ಬೇಡ. ಹಿಂದಿನ ಸಾಲಿನಿಂದಲೇ ಮುಂದಿನ ಸಾಲು, ನಮ್ಮ ಟೆಂಪ್ಲೇಟ್ ಹಾಗೇ!

1822ರಲ್ಲಿ ಚಿಕ್ಕ ಮಾದರಿ ತೋರಿಸಿದ, ಮರುವರ್ಷ ಸರ್ಕಾರ ದುಡ್ಡು ಕೊಟ್ಟಿತು. ಆದರೆ 1827ರ ಒಂದೇ ವರ್ಷದಲ್ಲಿ ಅಪ್ಪ, ಹೆಂಡತಿ ಜಾರ್ಜಿಯಾನಾ, ಒಬ್ಬ ಮಗ ತೀರಿಕೊಂಡರು. ಆಮೇಲೆ ಯಂತ್ರ ಕಟ್ಟುತ್ತಿದ್ದ ಜೋಸೆಫ್ ಕ್ಲೆಮೆಂಟ್ ಜೊತೆ ಜಗಳ, 1833ರಲ್ಲಿ ಕೆಲಸ ನಿಂತೇಹೋಯ್ತು. ಅಷ್ಟರಲ್ಲಿ ಬ್ಯಾಬೇಜ್ ತಲೆಯಲ್ಲಿ ಇನ್ನೂ ದೊಡ್ಡದಾದ ಅನಲಿಟಿಕಲ್ ಎಂಜಿನ್ ಹೊಕ್ಕಿತ್ತು. ಹಳೆಯದು ಮುಗಿದಿಲ್ಲ, ಹೊಸದು ಶುರು. 17,000 ಪೌಂಡ್‌ಗೂ ಹೆಚ್ಚು ಖರ್ಚು ಮಾಡಿದ್ದ ಸರ್ಕಾರ 1842ರಲ್ಲಿ ಕೈಬಿಟ್ಟಿತು. ಆಮೇಲೂ ಆತ ಸುಮ್ಮನಿರಲಿಲ್ಲ, ಎರಡನೇ ಡಿಫರೆನ್ಸ್ ಎಂಜಿನ್‌ನ ನಕ್ಷೆ ಬರೆದ. 1871ರಲ್ಲಿ ಸಾಯುವಾಗ ಆತನ ಒಂದು ಯಂತ್ರವೂ ಪೂರ್ತಿ ಆಗಿರಲಿಲ್ಲ.

1991ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಆ ಎರಡನೇ ನಕ್ಷೆ ಹಿಡಿದು ಲೆಕ್ಕದ ಭಾಗ ಕಟ್ಟಿದರು. ಸರಿಯಾಗಿ ಲೆಕ್ಕ ಮಾಡ್ತು! ಅಚ್ಚಿನ ಭಾಗ 2002ರಲ್ಲಿ ಮುಗೀತು.

ಅಂದ್ರೆ ಬ್ಯಾಬೇಜ್ ಲಾಜಿಕ್ ತಪ್ಪಿರಲಿಲ್ಲ. ಎಲ್ಲಿ ನಿಲ್ಲಿಸಿ, ಮೊದಲು ಒಂದನ್ನ ಮುಗಿಸಬೇಕು ಅನ್ನೋದು ಮಾತ್ರ ಆತನಿಗೆ ಒಲೀಲಿಲ್ಲ. ನನ್ನ ಲ್ಯಾಪ್‌ಟಾಪಲ್ಲೂ ಅರ್ಧಕ್ಕೆ ಬಿಟ್ಟ ನಾಲ್ಕು ಪ್ರಾಜೆಕ್ಟ್ ಇವೆ. ಐದನೇದು ಶುರು ಮಾಡೋ ಮುಂಚೆ ಒಂದನ್ನಾದ್ರೂ ಮುಗಿಸ್ತೀನಿ. ನೀವು?